ಮಗಳಿಗೊಂದು ಪತ್ರ: ಅಳೆಯದೆ ಬರೆದ ಮೂರು ಸಾಲು

ಪುಟ್ಟೀ,

ನೀನೂ ನನ್ನ ಹಾಗೆ ಕಾರಿನ ಬಿಡಿಭಾಗದ ಕಾರ್ಖಾನೆಗೆ ಸೇರಿ ಮೂರು ತಿಂಗಳಾಯಿತು. ಮೊನ್ನೆ ರಾತ್ರಿ ಫೋನ್ ಮಾಡಿದಾಗ ನೀನು ಒಂದು ಮಾತು ಕೇಳಿದೆ. "ಅಪ್ಪಾ, ನೀನು ಯಾವತ್ತಾದರೂ ಅಳೆಯದೆ ರೀಡಿಂಗ್ ಬರೆದಿದ್ದೀಯಾ?" ನಾನು "ಏನು? ಕೇಳಿಸ್ತಿಲ್ಲ, ತಾಳು" ಅಂದವನೇ ಫೋನನ್ನು ಅಮ್ಮನ ಕೈಗೆ ಕೊಟ್ಟುಬಿಟ್ಟೆ. ನನ್ನ ಎಡಗಿವಿ ಮಂದ ಅನ್ನುವುದು ನಿನಗೂ ಗೊತ್ತು, ಮನೆಯವರಿಗೆಲ್ಲ ಗೊತ್ತು. ಆದರೆ ಅವತ್ತು ಫೋನ್ ಇದ್ದದ್ದು ಬಲಗಿವಿಗೆ. ನೀನು ಕೇಳಿದ್ದು ಅಕ್ಷರ ಅಕ್ಷರ ಕೇಳಿಸಿತ್ತು.

ಬರೆದಿದ್ದೇನೆ. ಒಂದು ರಾತ್ರಿ, ಮೂರು ಸಾಲು. ಅಮ್ಮನಿಗೂ ಹೇಳಿಲ್ಲ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಕಾಗದ ಹಿಡಿದು ಕೂತಿದ್ದೇನೆ.

ನಾನು ಅಳತೆ ನೋಡುವ ಇನ್ಸ್‌ಪೆಕ್ಟರ್ ಆಗಿ ಕೆಲಸಕ್ಕೆ ಸೇರಿ ಮೂರನೇ ವರ್ಷ ಅದು. ಬ್ರೇಕ್ ಕ್ಯಾಲಿಪರ್‌ಗೆ, ಅಂದರೆ ಚಕ್ರದ ಡಿಸ್ಕಿಗೆ ಪ್ಯಾಡ್ ಒತ್ತಿ ಹಿಡಿಯುವ ಭಾಗಕ್ಕೆ, ಹಾಕುವ ಗೈಡ್ ಪಿನ್ ಮಾಡುತ್ತಿದ್ದೆವು. ನೋಡಲು ಏನೂ ಅಲ್ಲ, ಬೆರಳುದ್ದದ ಉಕ್ಕಿನ ಕಡ್ಡಿ. ಬ್ರೇಕ್ ಒತ್ತಿದಾಗ ಕ್ಯಾಲಿಪರ್ ಈ ಪಿನ್ನಿನ ಮೇಲೆ ಜಾರಬೇಕು, ಬಿಟ್ಟಾಗ ವಾಪಸ್ ಸರಿಯಬೇಕು. ಪಿನ್ ದಪ್ಪವಾದರೆ ಕ್ಯಾಲಿಪರ್ ಹಿಡಿದುಕೊಳ್ಳುತ್ತದೆ, ಪ್ಯಾಡ್ ಡಿಸ್ಕಿಗೆ ಉಜ್ಜುತ್ತಲೇ ಇರುತ್ತದೆ, ಕಾಯುತ್ತದೆ, ಒಂದೇ ಕಡೆ ಸವೆಯುತ್ತದೆ. ಡ್ರಾಯಿಂಗಿನಲ್ಲಿ ವ್ಯಾಸ 9.97ರಿಂದ 10.00 ಮಿಲಿಮೀಟರ್. ಅಂದರೆ ನಮಗೆ ಇದ್ದ ಜಾಗವೆಲ್ಲ ಸೇರಿ 30 ಮೈಕ್ರಾನ್. ತಲೆಗೂದಲಿನ ದಪ್ಪದ ಅರ್ಧವೂ ಇಲ್ಲ. ಗ್ರೈಂಡಿಂಗ್ ಕಲ್ಲು ಸವೆದಷ್ಟೂ ಪಿನ್ ದಪ್ಪವಾಗುತ್ತಾ ಹೋಗುತ್ತದೆ. ಗಂಟೆಗೊಮ್ಮೆ ಐದು ಪಿನ್ ಅಳೆದು ಚಾರ್ಟಿನಲ್ಲಿ ಬರೆದು "ಐದು ಮೈಕ್ರಾನ್ ಇಳಿಸು" ಅಂತ ಆಪರೇಟರ್‌ಗೆ ಹೇಳುವುದು ನನ್ನ ಕೆಲಸ. ಆಗ ಮೈಕ್ರೋಮೀಟರ್ ಇರುತ್ತಿದ್ದದ್ದು ಇನ್ಸ್‌ಪೆಕ್ಟರ್ ಕೈಯಲ್ಲಿ ಮಾತ್ರ. ನಾನು ಹೇಳದಿದ್ದರೆ ಅವನಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಇದನ್ನು ನೆನಪಿಟ್ಟುಕೋ, ಮುಂದೆ ಬೇಕಾಗುತ್ತದೆ.

ಆ ರಾತ್ರಿ ಇನ್ನೊಬ್ಬ ಇನ್ಸ್‌ಪೆಕ್ಟರ್ ಬಂದಿರಲಿಲ್ಲ. ಎರಡು ಲೈನ್ ನನ್ನ ತಲೆಗೆ ಬಿತ್ತು. ಎರಡು ಗಂಟೆಗೆ ಅಳೆದೆ: 9.991. ಆಮೇಲೆ ಇನ್ನೊಂದು ಲೈನಿನಲ್ಲಿ ಡ್ರಿಲ್ ಮುರಿದು ಅಲ್ಲೇ ಸಿಕ್ಕಿಹಾಕಿಕೊಂಡೆ. ಬಂದು ನೋಡುವಾಗ ಐದು ದಾಟಿತ್ತು. ಡಾಕ್‌ನಲ್ಲಿ ಲಾರಿ ಇಂಜಿನ್ ಹಾಕಿಕೊಂಡು ನಿಂತಿದೆ, ಸೂಪರ್‌ವೈಸರ್ ಕೈಯಲ್ಲಿ ಡಿಸ್ಪ್ಯಾಚ್ ಕಾಗದ ಹಿಡಿದು ನಿಂತಿದ್ದಾರೆ. "ಚಾರ್ಟ್ ತುಂಬಿಬಿಡಪ್ಪ, ಗಾಡಿ ಹೊರಡಲಿ." ಮೂರು, ನಾಲ್ಕು, ಐದು ಗಂಟೆಯ ಸಾಲು ಖಾಲಿ. ಗಂಟೆಗೆ ಐದರಂತೆ ಹದಿನೈದು ಸಂಖ್ಯೆ. ನಾಲ್ಕು ನಿಮಿಷ ಹಿಡಿಯಿತು. 9.984, 9.987, 9.983, 9.986... ಎಲ್ಲ ನಡುವಿನವು, ಎಲ್ಲ ಸಭ್ಯ ಸಂಖ್ಯೆಗಳು. ಅನುಮಾನ ಬಾರದಿರಲಿ ಅಂತ ಒಂದೆರಡು ಕಡೆ ಬೇಕೆಂದೇ ಹೆಚ್ಚು ಕಡಿಮೆ ಮಾಡಿದೆ. ಆಗ ಹೆದರಿಕೆ ಆಗಲಿಲ್ಲ ಅನ್ನುವುದು ಈಗಲೂ ನನಗೆ ಹೆದರಿಕೆ ಹುಟ್ಟಿಸುತ್ತದೆ.

ಸಿಕ್ಕಿಬಿದ್ದದ್ದು ಫೈನಲ್ ಇನ್ಸ್‌ಪೆಕ್ಷನ್ನಿನ ಒಬ್ಬ ಅಕ್ಕನ ಕೈಗೆ. ಓದಿದ್ದು ಏಳನೇ ಕ್ಲಾಸು. ಪಿನ್ನನ್ನು ಬೆರಳಲ್ಲಿ ಹೊರಳಿಸಿ "ಇದು ನಿನ್ನೆಯ ಕಲ್ಲಿನದಲ್ಲ" ಅನ್ನುತ್ತಿದ್ದರು. ಆರು ಗಂಟೆಗೆ ಬೆಳಗಿನ ಶಿಫ್ಟಿನವರು ಅಳೆದಾಗ 10.004 ಬಂತು. ಅಕ್ಕ ನನ್ನ ಚಾರ್ಟ್ ಎತ್ತಿಕೊಂಡು ನೋಡಿ, ಯಾರಿಗೂ ಕೇಳದ ಹಾಗೆ ನನಗೊಬ್ಬನಿಗೇ ಕೇಳಿದರು: "ಎರಡಕ್ಕೆ 9.991, ಆರಕ್ಕೆ 10.004. ನಡುವೆ ಮೂರು ಗಂಟೆ ಮಾತ್ರ 9.985. ಏನಪ್ಪಾ, ಸವೆದ ಕಲ್ಲು ಮತ್ತೆ ಬೆಳೆಯಿತಾ?"

ಅಳೆದ ಸಂಖ್ಯೆ ಒಂದೇ ದಿಕ್ಕಿಗೆ ತೆವಳುತ್ತದೆ ಪುಟ್ಟೀ. ತಲೆಯಿಂದ ಬರೆದ ಸಂಖ್ಯೆ ನಡುವಿನ ಗೆರೆಯ ಸುತ್ತ ಕುಣಿಯುತ್ತದೆ. ಆಮೇಲಿನ ಇಪ್ಪತ್ತೈದು ವರ್ಷದಲ್ಲಿ ಎಷ್ಟೋ ಚಾರ್ಟ್ ನೋಡಿದೆ. ಕುಣಿಯುವುದನ್ನು ಕಂಡರೆ ಯಾರು ಬರೆದರು ಅಂತ ಕೇಳುವ ಮೊದಲು ಎಷ್ಟು ಜನ ರಜೆಯಲ್ಲಿದ್ದರು ಅಂತ ಕೇಳುತ್ತಿದ್ದೆ.

ಲಾರಿ ಹೋಗಿಯಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಕಸ್ಟಮರ್ ಕಡೆಯಿಂದ ಫೋನ್ ಬಂತು: ಪಿನ್ ಬಿಗಿ ಕೂರುತ್ತಿದೆ. ಆಗ ಆ ಕಡೆಯವರ ದನಿ ಹೇಗಿರುತ್ತದೆ ಅಂತ ನಿನಗೆ ಈ ಮೂರು ತಿಂಗಳಲ್ಲಿ ಗೊತ್ತಾಗಿರುತ್ತದೆ. ಅವರು ಸುಮ್ಮನೆ ಕೂಗಾಡುವುದಿಲ್ಲ. ಟೊಯೋಟಾ ಲೆಕ್ಕದಲ್ಲಿ ಚಿಕ್ಕ ಸ್ಕ್ರೂವನ್ನೂ ಸೇರಿಸಿದರೆ ಒಂದು ಕಾರಿಗೆ ಸುಮಾರು 30,000 ಬಿಡಿಭಾಗ. ಅದರಲ್ಲಿ ಹೆಚ್ಚಿನದನ್ನು ಗೋದಾಮಿನಲ್ಲಿ ತಿಂಗಳುಗಟ್ಟಲೆ ಇಡುವುದಿಲ್ಲ, ಗಂಟೆಗಳ ಲೆಕ್ಕದಲ್ಲಿ ತರಿಸಿಕೊಳ್ಳುತ್ತಾರೆ. 1997ರ ಫೆಬ್ರವರಿ 1ರಂದು ಜಪಾನಿನ ಕಾರಿಯಾದಲ್ಲಿ ಐಸಿನ್ ಕಂಪನಿಯ ಕಾರ್ಖಾನೆಗೆ ಬೆಂಕಿ ಬಿತ್ತು. ಅಲ್ಲಿ ತಯಾರಾಗುತ್ತಿದ್ದದ್ದು ಬ್ರೇಕಿನ ಒಂದು ಪುಟ್ಟ ವಾಲ್ವ್, ಮುಷ್ಟಿಯೊಳಗೆ ಹಿಡಿಸುವಂಥದ್ದು. ಟೊಯೋಟಾಗೆ ಬೇಕಾದ ಆ ವಾಲ್ವ್ ಹೆಚ್ಚುಕಡಿಮೆ ಎಲ್ಲ ಅಲ್ಲಿಂದಲೇ ಬರುತ್ತಿತ್ತು. ಕೆಲವೇ ದಿನದಲ್ಲಿ ಜಪಾನಿನಲ್ಲಿ ಟೊಯೋಟಾದ ಬಹುತೇಕ ಲೈನುಗಳು ನಿಂತವು. ಆಮೇಲೆ ಹತ್ತಾರು ಸಪ್ಲೈಯರ್‌ಗಳು ಸಿಕ್ಕ ಮಶೀನಿನಲ್ಲಿ ಅದೇ ವಾಲ್ವ್ ಮಾಡಿಕೊಟ್ಟರು; ಹೊಲಿಗೆ ಯಂತ್ರಕ್ಕೆ ಹೆಸರಾದ ಬ್ರದರ್ ಕಂಪನಿ ಕೂಡ. ವಾರದೊಳಗೆ ಲೈನ್ ಮತ್ತೆ ಹೊರಳಿತು. ಮ್ಯಾನೇಜರುಗಳು ಈ ಕಥೆಯನ್ನು ಒಗ್ಗಟ್ಟಿಗೆ ಉದಾಹರಣೆಯಾಗಿ ಹೇಳುತ್ತಾರೆ. ನನಗೆ ಮಾತ್ರ ಆ ವಾರ ರಾತ್ರಿ ಮನೆಗೆ ಹೋಗದವರು ನೆನಪಾಗುತ್ತಾರೆ.

ಸರಿ, ನಮ್ಮ ಕಥೆಗೆ ಬರುತ್ತೇನೆ. ನಾವು ನಾಲ್ಕು ಜನ ಕಸ್ಟಮರ್ ಅಂಗಳಕ್ಕೆ ಸಾರ್ಟಿಂಗ್‌ಗೆ ಹೋದೆವು. ಆ ಒಂದು ಲಾಟ್ ಅಲ್ಲ, ಆ ವಾರ ಕಳಿಸಿದ್ದನ್ನೆಲ್ಲ ನೋಡಬೇಕು ಅಂದರು: ಹನ್ನೊಂದು ಸಾವಿರ ಪಿನ್. ಶೆಡ್ಡಿನ ಮೂಲೆಯಲ್ಲಿ ಒಂದು ಮೇಜು, ಕೈಯಲ್ಲಿ ರಿಂಗ್ ಗೇಜ್. ಸರಿಯಾದ ಪಿನ್ ರಿಂಗಿನೊಳಗಿಂದ ಜಾರಿ ಕೆಳಗಿನ ತಟ್ಟೆಗೆ ಟಣ್ ಅಂತ ಬೀಳುತ್ತದೆ. ದಪ್ಪದ್ದು ರಿಂಗಿನ ಬಾಯಲ್ಲೇ ನಿಲ್ಲುತ್ತದೆ, ಸದ್ದಿಲ್ಲದೆ. ಮೂರು ದಿನ ಅದೇ. ಎರಡನೇ ದಿನದ ಹೊತ್ತಿಗೆ ಕಣ್ಣು ಬೇಕಾಗಲಿಲ್ಲ, ಸದ್ದು ಬರದಿದ್ದರೆ ಕೈ ತಾನೇ ಕೆಂಪು ಡಬ್ಬಕ್ಕೆ ಹೋಗುತ್ತಿತ್ತು. ಹೆಬ್ಬೆರಳ ತುದಿ ಎಣ್ಣೆಯಲ್ಲಿ ನೆನೆದು ಸುಲಿದು ಹೋಯಿತು. ಕಸ್ಟಮರ್ ಕಡೆಯ ಹುಡುಗರು ಹಾಯ್ದು ಹೋಗುವಾಗ ನಮ್ಮ ಕಡೆ ನೋಡುತ್ತಲೂ ಇರಲಿಲ್ಲ. ಕೊನೆಗೆ ಕೆಂಪು ಡಬ್ಬದಲ್ಲಿ 212 ಪಿನ್.

ಇಷ್ಟಕ್ಕೇ ಮುಗಿದಿದ್ದರೆ ಈ ಪತ್ರ ಬರೆಯುವ ಅಗತ್ಯವೇ ಇರಲಿಲ್ಲ. ಕೈ ಸುಲಿದುಕೊಂಡು ತಪ್ಪು ತೊಳೆದುಕೊಂಡೆ ಅಂದುಕೊಳ್ಳಬಹುದಿತ್ತು.

ತಪ್ಪು ಯಾಕಾಯಿತು, ಹೇಗೆ ಸರಿಮಾಡಿದೆವು ಅಂತ ಕಸ್ಟಮರ್‌ಗೆ 8ಡಿ ರಿಪೋರ್ಟ್ ಕೊಡಬೇಕಲ್ಲ. ಮೂಲ ಕಾರಣ ಅನ್ನುವ ಖಾನೆಯಲ್ಲಿ ನಮ್ಮವರು ಬರೆದದ್ದು: "ಆಪರೇಟರ್ ಅಜಾಗರೂಕತೆ." ಪರಿಹಾರ: "ತರಬೇತಿ ನೀಡಲಾಗಿದೆ." ಆ ರಾತ್ರಿ ಗ್ರೈಂಡಿಂಗ್ ಮಶೀನಿನಲ್ಲಿದ್ದವನು ಕಾಂಟ್ರ್ಯಾಕ್ಟ್ ಹುಡುಗ, ನನಗಿಂತ ನಾಲ್ಕೈದು ವರ್ಷ ಚಿಕ್ಕವನು. ನಾವು ಪರ್ಮನೆಂಟ್‌ನವರು ಹಾಕುತ್ತಿದ್ದದ್ದು ನೀಲಿ ಅಂಗಿ, ಅವರದ್ದು ಬೂದು. ಅವನಿಗೆ ತರಬೇತಿ ಎಲ್ಲಿ ಕೊಟ್ಟರು? ಮರುದಿನವೇ ಗೇಟ್ ಪಾಸ್ ನಿಲ್ಲಿಸಿದರು. ನಾನು ಸಾರ್ಟಿಂಗ್ ಮುಗಿಸಿ ಬಂದಾಗ ಮಶೀನಿನ ಮುಂದೆ ಬೇರೆ ಹುಡುಗ ನಿಂತಿದ್ದ. ರಿಪೋರ್ಟಿನ ಕೆಳಗೆ ಇನ್ಸ್‌ಪೆಕ್ಟರ್ ಸಹಿ ಬೇಕಿತ್ತು. ಹಾಕಿದೆ.

ಅಕ್ಕ ಏನೂ ಅನ್ನಲಿಲ್ಲ. ಒಂದು ತಿಂಗಳು ನನ್ನ ಜೊತೆ ಮಾತೂ ಆಡಲಿಲ್ಲ.

ಅದಕ್ಕೇ "ಆಪರೇಟರ್ ತಪ್ಪು" ಅನ್ನುವ ಮೂಲ ಕಾರಣ ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಐದು ಸಲ "ಯಾಕೆ" ಕೇಳು ಅಂತ ಗೋಡೆ ಮೇಲೆ ಬರೆದಿರುತ್ತಾರೆ. ಮೂರನೇ "ಯಾಕೆ" ಮೇಲಿನವರ ಮೇಜಿನ ಹತ್ತಿರ ಬರುತ್ತಿದ್ದ ಹಾಗೆ ಪೆನ್ನು ನಿಂತುಹೋಗುತ್ತದೆ. ಎರಡು ಲೈನಿಗೆ ಒಬ್ಬನೇ ಇನ್ಸ್‌ಪೆಕ್ಟರ್ ಯಾಕೆ? ಕಸ್ಟಮರ್ ವರ್ಷ ವರ್ಷ ದರ ಇಳಿಸಿ ಅನ್ನುತ್ತಾನೆ, ಉಕ್ಕಿನ ಬೆಲೆ ನಮ್ಮ ಕೈಯಲ್ಲಿಲ್ಲ, ಕರೆಂಟಿನದ್ದೂ ಇಲ್ಲ; ಕೈಯಲ್ಲಿರುವುದು ಜನ ಮಾತ್ರ. ಇದನ್ನು ಯಾವ 8ಡಿಯಲ್ಲೂ ನಾನು ಓದಿಲ್ಲ.

ಗುಣಮಟ್ಟದ ನಿಯಮ ಹೇಳುವ ಪುಸ್ತಕಗಳಿಗೇನೂ ಕೊರತೆ ಇರಲಿಲ್ಲ. ನಾನು ಸೇರಿದಾಗ ಕ್ಯೂಎಸ್ 9000, 1994ರದ್ದು. 1999ರಲ್ಲಿ ಟಿಎಸ್ 16949 ಬಂತು. 2016ರಲ್ಲಿ ಐಎಟಿಎಫ್ 16949. ನೀನು ಈಗ ಫೈಲು ಹೊರುತ್ತಿರುವುದು ಅದಕ್ಕೇ ತಾನೇ? ಪ್ರತಿ ಸಲ ಆಡಿಟ್ ಹಿಂದಿನ ರಾತ್ರಿ ನೆಲಕ್ಕೆ ಹಳದಿ ಗೆರೆ ಬಳಿಯುವುದು ಮಾತ್ರ ಬದಲಾಗಲಿಲ್ಲ. ಒಮ್ಮೆ ಬಣ್ಣ ಒಣಗಿರಲಿಲ್ಲ. ಆಡಿಟರ್ ಇಡೀ ಶಾಪ್ ಓಡಾಡಿದ್ದೆಲ್ಲ ಹಳದಿ ಹೆಜ್ಜೆಯಲ್ಲಿ ಉಳಿಯಿತು. ಯಾವ ಮಶೀನಿನ ಮುಂದೆ ನಿಲ್ಲಲೇ ಇಲ್ಲ ಅಂತ ನಮಗೂ ಗೊತ್ತಾಯಿತು.

ನಗು ಸಾಕು. ಜನರಲ್ ಮೋಟರ್ಸ್‌ನ ಇಗ್ನಿಷನ್ ಸ್ವಿಚ್ ವಿಷಯ ನಿಮಗೆ ತರಬೇತಿಯಲ್ಲಿ ಹೇಳಿದರೋ ಇಲ್ಲವೋ. ಬೀಗದ ಕೈ ಓಡುವ ಕಾರಿನಲ್ಲೇ ಹಿಂದಕ್ಕೆ ಸರಿದು ಇಂಜಿನ್ ನಿಲ್ಲುತ್ತಿತ್ತು, ಏರ್‌ಬ್ಯಾಗ್ ತೆರೆಯುತ್ತಿರಲಿಲ್ಲ. ಸ್ವಿಚ್ ಮಾಡಿಕೊಡುತ್ತಿದ್ದದ್ದು ಡೆಲ್ಫಿ, ಸಪ್ಲೈಯರ್. 2006ರಲ್ಲಿ ಒಳಗಿನ ಸ್ಪ್ರಿಂಗ್ ಬದಲಾಯಿಸಲು ಕಾರ್ ಕಂಪನಿಯ ಎಂಜಿನಿಯರ್ ಒಪ್ಪಿಗೆ ಕೊಟ್ಟ, ಆದರೆ ಪಾರ್ಟ್ ನಂಬರ್ ಬದಲಾಗಲಿಲ್ಲ. ಕಾಗದದಲ್ಲಿ ಹಳೆಯದೂ ಹೊಸದೂ ಒಂದೇ. ಹೊಸ ಕಾರುಗಳಲ್ಲಿ ತೊಂದರೆ ಯಾಕೆ ಕಡಿಮೆಯಾಯಿತು ಅಂತ ಕಂಪನಿಯೊಳಗಿನವರೇ ವರ್ಷಗಟ್ಟಲೆ ತಲೆ ಕೆಡಿಸಿಕೊಂಡರು. ಕೊನೆಗೆ ಒಂದು ಮೊಕದ್ದಮೆಗಾಗಿ ಹೊರಗಿನ ತಜ್ಞನೊಬ್ಬ ಹಳೇ ಸ್ವಿಚ್ಚು ಹೊಸ ಸ್ವಿಚ್ಚು ಎರಡನ್ನೂ ಪಕ್ಕಪಕ್ಕ ಇಟ್ಟು ಅಳೆದು ನೋಡಿದ. ರೀಕಾಲ್ ಶುರುವಾದದ್ದು 2014ರಲ್ಲಿ. ಪರಿಹಾರ ನಿಧಿ ಒಪ್ಪಿಕೊಂಡ ಸಾವುಗಳೇ 124. ಇದನ್ನು ಓದಿದ ರಾತ್ರಿ ನನ್ನ ಆ ಹದಿನೈದು ಸಂಖ್ಯೆ ಕಣ್ಣ ಮುಂದೆ ಬಂದವು. ನನ್ನ ಪಿನ್ನಿನಿಂದ ಯಾರಿಗೂ ಏನೂ ಆಗಲಿಲ್ಲ. ಆದರೆ ಅದಕ್ಕೆ ಕಾರಣ ನಾನಲ್ಲ. ಫಿಟ್ ಮಾಡುವಾಗ "ಬಿಗಿ ಇದೆ" ಅಂತ ಕೈಯಲ್ಲಿ ಗೊತ್ತಾಗಿ ಕೂಗಿ ಹೇಳಿದ ಯಾರೋ ಒಬ್ಬರು.

ಕೆಲಸದ ಮಾತು ಒಂದಿಷ್ಟು, ನಿನ್ನ ಸೀನಿಯರುಗಳು ಹೇಳಿರಲಾರರು. ಅಳೆಯಲು ಆಗದಿದ್ದರೆ ಖಾನೆ ಖಾಲಿ ಬಿಡಬೇಡ, "ಅಳೆದಿಲ್ಲ" ಅಂತ ಬರೆದು ಸಮಯ ಹಾಕು. ಖಾಲಿ ಬಿಟ್ಟರೆ ಯಾರಾದರೂ ತುಂಬುತ್ತಾರೆ. ಆ ಹೊತ್ತಿನಲ್ಲಿ ಆದ ಮಾಲಿಗೆ ಹೋಲ್ಡ್ ಟ್ಯಾಗ್ ಕಟ್ಟಿ ಪಕ್ಕಕ್ಕಿಡು. ಕೊನೆಯದಾಗಿ ಸರಿ ಅಳತೆ ಬಂದ ಗಂಟೆಯಿಂದ ಈಚಿನದ್ದನ್ನೆಲ್ಲ ನೋಡಬೇಕು, ಸಿಕ್ಕ ಡಬ್ಬವನ್ನಷ್ಟೇ ಅಲ್ಲ. ಬೈಯುತ್ತಾರೆ. ಗಾಡಿ ಅರ್ಧ ಗಂಟೆ ತಡವಾದರೆ ಇಡೀ ಕಂಪನಿ ಮುಳುಗುತ್ತದೆ ಅನ್ನುವ ಹಾಗೆ ಬೈಯುತ್ತಾರೆ. ಲೈನ್ ನಿಲ್ಲಿಸುವ ಹಕ್ಕು ಎಲ್ಲರಿಗೂ ಇದೆ ಅನ್ನುವ ಬೋರ್ಡಿನ ಕೆಳಗೇ ನಿಂತು ಬೈಯುತ್ತಾರೆ. ಬೈಸಿಕೊಳ್ಳುವುದೂ ನಿನ್ನ ಹುದ್ದೆಯ ಭಾಗ ಅಂತ ನಾನು ಹೇಳುವುದಿಲ್ಲ. ಆದರೆ ಬೈಗುಳಕ್ಕೆ ಮಧ್ಯಾಹ್ನದವರೆಗೆ ಆಯುಸ್ಸು, ಸಹಿಗೆ ಹಾಗಲ್ಲ.

ಆಪರೇಟರುಗಳ ಪರಿಚಯ ಮಾಡಿಕೋ, ಮುಖ್ಯವಾಗಿ ಬೇರೆ ಬಣ್ಣದ ಅಂಗಿಯವರದ್ದು. ಹೆಸರು ಹಿಡಿದು ಮಾತಾಡಿಸು. ಆ ಹುಡುಗನ ಹೆಸರು ನನಗೆ ಗೊತ್ತಿತ್ತು, ಆದರೆ ಮನೆ ಎಲ್ಲಿ ಅಂತ ಗೊತ್ತಿರಲಿಲ್ಲ. ಹುಡುಕಬೇಕು ಅನ್ನಿಸಿದಾಗ ಆರು ತಿಂಗಳಾಗಿತ್ತು, ಕಾಂಟ್ರ್ಯಾಕ್ಟರ್ ಹತ್ತಿರ ವಿಳಾಸವೂ ಇರಲಿಲ್ಲ.

ಮತ್ತೆ, ಕಿವಿಗೆ ಪ್ಲಗ್ ಹಾಕು. ಪ್ರೆಸ್ ಶಾಪಿಗೆ "ಎರಡೇ ನಿಮಿಷ" ಅಂತ ಹೋಗುವಾಗಲೂ. ತಜ್ಞರು ಹೇಳುವ ಪ್ರಕಾರ 85 ಡೆಸಿಬಲ್ ಸದ್ದಿನಲ್ಲಿ ಎಂಟು ಗಂಟೆ ಮಿತಿ, ಅಲ್ಲಿಂದ ಮೂರು ಡೆಸಿಬಲ್ ಏರಿದರೆ ಆ ಎಂಟು ನಾಲ್ಕಾಗುತ್ತದೆ. ನನಗೆ ಯಾರೂ ಹೇಳಲಿಲ್ಲ. ಹೇಳಿದ್ದರೂ ಆ ವಯಸ್ಸಿನಲ್ಲಿ ಹಾಕುತ್ತಿರಲಿಲ್ಲವೇನೋ.

ಇನ್ನೊಂದು. ಮೊನ್ನೆ ನೀನು ಫೋನ್ ಮಾಡಿದಾಗ ಹನ್ನೊಂದೂವರೆ. ಹಿಂದೆ ಫೋರ್ಕ್‌ಲಿಫ್ಟ್ ರಿವರ್ಸ್ ಬರುವ ಸದ್ದು ಕೇಳುತ್ತಿತ್ತು. ಶಿಫ್ಟ್ ನಡುವೆ ಡಾಕ್ ಹತ್ತಿರ ಬಂದು ನಿಂತು ಅಪ್ಪನಿಗೆ ಇಂಥ ಪ್ರಶ್ನೆ ಕೇಳುವವಳು ನೀನಲ್ಲ, ಕೈಯಲ್ಲಿ ಚಾರ್ಟ್ ಇಲ್ಲದಿದ್ದರೆ. ನಾನು ಆಗಲೇ ಉತ್ತರ ಹೇಳಬೇಕಿತ್ತು. ಆ ಲಾರಿ ಹೋಯಿತಾ? ಆ ಮಾಲು ಈಗ ಎಲ್ಲಿದೆ? ಪತ್ರ ಸಿಕ್ಕಿದ ದಿನವೇ ಫೋನ್ ಮಾಡು, ಎಷ್ಟು ಹೊತ್ತಾದರೂ ಸರಿ. ಈ ಸಲ ಅಮ್ಮನ ಕೈಗೆ ಕೊಡುವುದಿಲ್ಲ.

ಇತಿ,
ಅಪ್ಪ