ಕಬಿ ನಾಶಿ

ಪ್ರೀತಿಯ ಮೇಷ್ಟ್ರೇ,

ಹೀಗೆ ಕರೆದರೆ ನಿನಗೆ ಸಿಟ್ಟು ಬರುತ್ತದೆ ಅಂತ ಗೊತ್ತು. ಆದರೆ ನಾಲ್ಕು ಜನ ಓದುವ ಕಡೆ ನಿನ್ನ ಅಸಲಿ ಅಡ್ಡಹೆಸರು ಬರೆದರೆ ನಿನ್ನ ಶಾಲೆಯ ಮಕ್ಕಳೆದುರು ಮರ್ಯಾದೆ ಉಳಿಯುತ್ತಾ? ಹುಲಿಕಲ್ ಘಾಟಿಯ ಬಾಳೆಹಣ್ಣಿನ ಸುದ್ದಿಯನ್ನೂ ಎತ್ತುವುದಿಲ್ಲ. ಮಾತು ಕೊಟ್ಟಿದ್ದೇನೆ.

ನಿಮ್ಮ ಭಾವ ಟೋಕಿಯೋಗೆ ಹೊರಟಿದ್ದಾರೆ, ಕ್ಯಾಮೆರಾ ಸಾಮಾನು ಎಲ್ಲಿ ಹೇಗೆ ಕೊಳ್ಳೋದು ಅಂತ ಬರೆದುಕೊಡು ಅಂದೆಯಲ್ಲ, ಅದಕ್ಕೇ ಕೂತಿದ್ದೇನೆ. ಶಿಂಜುಕು ಸ್ಟೇಷನ್ನಿನ ಪಶ್ಚಿಮದ ಕಡೆ ಹೊರಬಿದ್ದರೆ ಯೊದೊಬಾಶಿ, ಮ್ಯಾಪ್ ಕ್ಯಾಮೆರಾ ಎರಡೂ ಅಂಗಡಿ ನಡೆಯುವಷ್ಟು ಹತ್ತಿರ. ಹಳೇ ಮಾಲು ನೋಡಬೇಕಾದರೆ ಚುವೋ ಲೈನಿನ ರಾಪಿಡ್ ರೈಲಿನಲ್ಲಿ ಒಂದೇ ಸ್ಟಾಪು, ನಕಾನೋ. ಫುಜಿಯಾ ಕ್ಯಾಮೆರಾ ಇರುವುದು ಅಲ್ಲಿ. ಪಾಸ್‌ಪೋರ್ಟ್ ಜೇಬಿನಲ್ಲೇ ಇರಲಿ. ನಾನು ಹೋಗಿದ್ದು 2023ರ ನವೆಂಬರಿನಲ್ಲಿ. ಆಗ ಪ್ರವಾಸಿಗಳಿಗೆ 10 ಪರ್ಸೆಂಟ್ ತೆರಿಗೆಯನ್ನು ಕೌಂಟರಿನಲ್ಲೇ ಬಿಟ್ಟುಕೊಡುತ್ತಿದ್ದರು. ಕ್ಯಾಮೆರಾ ಬಾಡಿ ಕೊಳ್ಳುವುದಾದರೆ ಮೆನು ತೆರೆದು ಇಂಗ್ಲಿಷ್ ಇದೆಯಾ ನೋಡಲಿ. ಜಪಾನಿಗೆಂದೇ ಮಾಡಿದ ಕೆಲವದರಲ್ಲಿ ಜಪಾನಿ ಬಿಟ್ಟರೆ ಬೇರೆ ಭಾಷೆ ಇರುವುದಿಲ್ಲ. ವಾರಂಟಿಯೂ ಎಷ್ಟೋ ಸಲ ಆ ದೇಶಕ್ಕಷ್ಟೇ.

ಲೆನ್ಸಿಗೆ ಈ ಭಾಷೆಯ ತಲೆನೋವಿಲ್ಲ. ಸೆಕೆಂಡ್ ಹ್ಯಾಂಡಾದರೆ ಟಾರ್ಚ್ ಬಿಟ್ಟು ಫಂಗಸ್ ನೋಡಬೇಕು, ಅಷ್ಟೇ. ನಾನು ಹೋದ ಗಲ್ಲಿ ಅಂಗಡಿಯ ಮುದುಕ ತಾನಾಗಿಯೇ ಟಾರ್ಚ್ ಹಿಡಿದು, ಗಾಜಿನೊಳಗೆ ತೋರಿಸಿ, 'ಕಬಿ ನಾಶಿ' ಅಂದ. ನನಗೆ 'ನಾಶ' ಅಂತ ಕೇಳಿ ಎದೆ ಧಸಕ್ಕೆಂದಿತು. ಕಬಿ ಅಂದರೆ ಬೂಷ್ಟು, ನಾಶಿ ಅಂದರೆ ಇಲ್ಲ ಅಂತೆ. ಮಲೆನಾಡಿನ ಮಳೆಯಲ್ಲಿ ಮೂರು ಲೆನ್ಸ್ ಕಳೆದುಕೊಂಡ ನಿನಗೆ ಇದಕ್ಕಿಂತ ಒಳ್ಳೆಯ ಮಂತ್ರ ಯಾವುದಿದೆ ಹೇಳು?

ಇನ್ನು ವಾಪಸ್ ಬರುವಾಗಿನ ಕಸ್ಟಮ್ಸ್. ನಾನು ಬಂದಾಗ 50 ಸಾವಿರ ರೂಪಾಯಿವರೆಗೆ ಡ್ಯೂಟಿ ಇರಲಿಲ್ಲ, ಮೇಲಿನದಕ್ಕೆ 38.5 ಪರ್ಸೆಂಟ್. ಈಗಿನ ಲೆಕ್ಕವನ್ನು ಭಾವ ಹೊರಡುವ ಮುಂಚೆ ನೋಡಿಕೊಳ್ಳಲಿ.

ಈ ಸಾಲು ಬರೆದ ಮೇಲೆ ಎದ್ದು ಹೋಗಿ ಕಾಫಿ ಮಾಡಿಕೊಂಡು ಬಂದೆ ಕಣೋ. ನೀನು ಕಳಿಸಿದ ಪಟ್ಟಿಯಲ್ಲಿ ಮೊದಲ ಸಾಲೇ 'ನಿಕಾನ್ 105, 2.5' ಅಂತಿದೆ, ಆ 105 ಎಂಎಂ ಲೆನ್ಸು. ಇನ್ನೂ ಅದೇ.

ಓದುತ್ತಿರುವ ಬೇರೆಯವರಿಗಾಗಿ ಹೇಳುತ್ತೇನೆ. 1984ರಲ್ಲಿ ಸ್ಟೀವ್ ಮೆಕರಿ ಪೇಶಾವರದ ಹತ್ತಿರದ ನಿರಾಶ್ರಿತರ ಶಿಬಿರದಲ್ಲಿ ಆ ಹಸಿರು ಕಣ್ಣಿನ ಅಫ್ಘನ್ ಹುಡುಗಿಯ ಫೋಟೋ ತೆಗೆದದ್ದು ಇದೇ ಲೆನ್ಸಿನಲ್ಲಿ. ಮುಂದಿನ ವರ್ಷ ಜೂನಿನಲ್ಲಿ ಅದು ನ್ಯಾಷನಲ್ ಜಿಯಾಗ್ರಫಿಕ್ ಮುಖಪುಟಕ್ಕೆ ಬಂತು. ಆ ಸಂಚಿಕೆಯನ್ನು ನಾವು ರದ್ದಿ ಅಂಗಡಿಯಲ್ಲಿ ಕೊಂಡೆವು. ನೀನು ಐದು ರೂಪಾಯಿ, ನಾನು ಐದು ರೂಪಾಯಿ. ಮುಖಪುಟ ನಿನ್ನ ಕಡೆ ಹೋಯಿತು, ಬಿಡು.

2023ರಲ್ಲೂ ನೀನು ಕೇಳಿದ್ದು ಅದೊಂದನ್ನೇ. 'ಸ್ಟಾಕ್ ಇಲ್ಲ, ಇದ್ದರೂ ಕಸ್ಟಮ್ಸ್ ರಗಳೆ' ಅಂತ ಮೆಸೇಜ್ ಮಾಡಿದ್ದೆ. 'ಪರವಾಗಿಲ್ಲ ಬಿಡೋ, ಹುಷಾರಾಗಿ ಬಾ' ಅಂದಿದ್ದೆ ನೀನು.

ಮುದುಕ ಟಾರ್ಚ್ ಬಿಟ್ಟಿದ್ದು ಅದೇ ಲೆನ್ಸಿಗೆ. ತೆರಿಗೆ ಕಳೆದು 20 ಸಾವಿರ ಯೆನ್. ನಮ್ಮ ದುಡ್ಡಲ್ಲಿ ಹನ್ನೊಂದು-ಹನ್ನೆರಡು ಸಾವಿರ. ಕಸ್ಟಮ್ಸಿನವರು ತಿರುಗಿಯೂ ನೋಡಬೇಕಿರಲಿಲ್ಲ, ನೋಡಲೂ ಇಲ್ಲ. ಅದು ನನ್ನ ಹತ್ತಿರ ಇದೆ.

ಆಸೆಗೆ ತಗೊಂಡೆ ಅಂತ ಬರೆದು ಮುಗಿಸಿದ್ದರೆ ಚೆನ್ನಾಗಿತ್ತು. ಹಿಂದಿನ ರಾತ್ರಿ ನೀನೊಂದು ಫೋಟೋ ಕಳಿಸಿದ್ದೆ, ನೆನಪಿದೆಯಾ? ಯಕ್ಷಗಾನ ಮೇಳ ಹೊರಟ ಮೊದಲ ವಾರ. ಚೌಕಿಯಲ್ಲಿ ಕನ್ನಡಿ ಹಿಡಿದು ಕೂತ ವೇಷಧಾರಿ. ಅರ್ಧ ಮುಖಕ್ಕೆ ಬಣ್ಣ ಆಗಿದೆ, ಇನ್ನರ್ಧದಲ್ಲಿ ಬಸ್ಸಿಳಿದು ಬಂದ ಸುಸ್ತು. ಕ್ಯಾಮೆರಾ ಜೊತೆಗೇ ಬಂದ ಅದೇ ನಿನ್ನ ಹಳೇ ಕಿಟ್ ಲೆನ್ಸ್, ಮೇಲಿನದೊಂದು ಬಲ್ಬಿನ ಬೆಳಕು. ಹೋಟೆಲಿನ ಹಾಸಿಗೆ ಮೇಲೆ ಕೂತು ಜೂಮ್ ಮಾಡಿ ಮಾಡಿ ನೋಡಿದೆ. ಇವನ ಕೈಗೆ 105 ಸಿಕ್ಕಿದರೆ ಮುಗೀತು ನನ್ನ ಕಥೆ ಅನ್ನಿಸಿತು. ಸಿಗಬಾರದು ಅನ್ನಿಸಿತು. ಬೆಳಿಗ್ಗೆ ಎದ್ದು ನಕಾನೋಗೆ ಹೋಗಿದ್ದು ಅದಕ್ಕೇ. ನನಗೆ ಬೇಕಂತ ಅಲ್ಲ.

ಇದನ್ನು ಫೋನಿನಲ್ಲಿ ಹೇಳಬೇಕಿತ್ತು. ಧೈರ್ಯ ಸಾಲದೆ ಊರಿಗೆಲ್ಲಾ ಹೇಳುತ್ತಿದ್ದೇನೆ, ನೋಡು ನನ್ನ ಬುದ್ಧಿ.

ಆ ಲೆನ್ಸಿನಲ್ಲಿ ನಾನು ಇಲ್ಲಿಯವರೆಗೆ ತೆಗೆದದ್ದು ಬಾಲ್ಕನಿಯ ದಾಸವಾಳ. ಎಪ್ಪತ್ತೆಂಟು ಫೋಟೋ. ಅದರಲ್ಲಿ ಎಪ್ಪತ್ತು ಔಟ್ ಆಫ್ ಫೋಕಸ್, ಉಳಿದ ಎಂಟರಲ್ಲಿ ದಾಸವಾಳವೇ ಬಾಡಿದೆ. ನಿನ್ನೆ ರಾತ್ರಿ ಟಾರ್ಚ್ ಬಿಟ್ಟು ನೋಡಿದೆ. ಅಂಚಿನಲ್ಲಿ ಜೇಡನ ಎಳೆಯಂಥದ್ದೇನೋ ಕಂಡು ಕೈಕಾಲು ತಣ್ಣಗಾಯಿತು. ಆಮೇಲೆ ಒರೆಸಿದರೆ ಹೋಯಿತು, ನನ್ನದೇ ಬಿಳಿ ಕೂದಲು. ಕಬಿ ನಾಶಿ.

ಭಾವನಿಗೆ ಹೇಳು, ಪಟ್ಟಿಯ ಮೊದಲ ಸಾಲು ಹೊಡೆದುಹಾಕಲಿ. ಮಾಲು ರಾಜಾಜಿನಗರದಲ್ಲೇ ಇದೆ, ಅಡಿಗೆಮನೆಯಲ್ಲಿ, ಗಾಳಿಯಾಡದ ಡಬ್ಬದೊಳಗೆ ಸಿಲಿಕಾ ಜೆಲ್ ಜೊತೆ. ಶನಿವಾರ ರಾತ್ರಿ ಬಸ್ಸಿಗೆ ಬಂದುಬಿಡು. ಹಿಂದಿನ ಕ್ಯಾಪ್ ಕಳೆದಿದ್ದೇನೆ, ಅದಕ್ಕೆ ಬೇರೆ ಬೈಯಬೇಡ. ಉಳಿದ ಬೈಗುಳ ಮನೆಗೆ ಬಂದ ಮೇಲೆ. ಇಲ್ಲಿ ನಮ್ಮ ಅತ್ತೆಯೂ ಓದುತ್ತಾರೆ.

ಬಾಳೆಹಣ್ಣು ಮಾತ್ರ ತರಬೇಡ.

ನಿನ್ನ,
ದಾಸವಾಳದ ಛಾಯಾಗ್ರಾಹಕ