ವಾಷಿಂಗ್ಟನ್ ನ್ಯಾಷನಲ್ ಕೆಥೆಡ್ರಲ್: ಭೂಕಂಪಕ್ಕೆ ಜಖಂಗೊಂಡ ಕಲ್ಲುಕೆಲಸದ ದುರಸ್ತಿಗೆ ದೇಣಿಗೆ ಮನವಿ

ಮಾನ್ಯರೇ,

ಹೆಸರಲ್ಲಿ ‘ನ್ಯಾಷನಲ್’ ಇದೆ, ಅಧ್ಯಕ್ಷರ ಅಂತಿಮ ಸಂಸ್ಕಾರದ ಪ್ರಾರ್ಥನೆಗಳೂ ಇಲ್ಲಿ ನಡೆದಿವೆ. ಹಾಗಾಗಿ ಈ ಎಪಿಸ್ಕೋಪಲ್ (ಪ್ರಾಟೆಸ್ಟಂಟ್ ಕ್ರೈಸ್ತರ ಒಂದು ಪಂಗಡ) ಚರ್ಚಿನ ಖರ್ಚು ಸರ್ಕಾರದ್ದೇ ಎಂದುಕೊಂಡವರು ಬಹಳ. ಸರ್ಕಾರದ ಕಾಯಂ ಅನುದಾನ ಇದಕ್ಕಿಲ್ಲ. 1893ರಲ್ಲಿ ಅಮೆರಿಕದ ಕಾಂಗ್ರೆಸ್ ಇದನ್ನು ಕಟ್ಟಲು ಸನ್ನದು ಕೊಟ್ಟಿತು. ಕಟ್ಟಿದ ದುಡ್ಡು ಭಕ್ತರದು, ದಾನಿಗಳದು. 1907ರ ಸೆಪ್ಟೆಂಬರ್ 29ರಂದು ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಸಮ್ಮುಖದಲ್ಲಿ ಅಡಿಗಲ್ಲು ಹಾಕಿದರು. ಕೊನೆಯ ಕಲ್ಲು ಕೂತದ್ದು 1990ರಲ್ಲಿ, ಅದೇ ತಾರೀಖಿಗೆ. ನಡುವೆ ಸಾಲ ಏರಿ ಕೆಲಸ ನಿಂತದ್ದೂ ಉಂಟು. ಮಾರ್ಟಿನ್ ಲೂಥರ್ ಕಿಂಗ್ ತಮ್ಮ ಕೊನೆಯ ಭಾನುವಾರದ ಉಪದೇಶ ಮಾಡಿದ್ದು (1968ರ ಮಾರ್ಚ್ 31) ಇಲ್ಲಿಯೇ.

2011ರ ಆಗಸ್ಟ್ 23ರಂದು ವರ್ಜೀನಿಯಾದಲ್ಲಿ 5.8 ತೀವ್ರತೆಯ ಭೂಕಂಪವಾಯಿತು. ಇಂಡಿಯಾನಾ ಸುಣ್ಣಕಲ್ಲಿನ ಈ ಕಟ್ಟಡ ನಿಂತಿರುವುದು ಕಲ್ಲಿನ ಮೇಲೆ ಕಲ್ಲು ಕೂತ ಭಾರದಿಂದ, ಉಕ್ಕಿನ ಚೌಕಟ್ಟಿನಿಂದಲ್ಲ. ಕೆಳಗಿನ ದಪ್ಪ ಗೋಡೆಗಳು ಅಲುಗಾಟ ತಡೆದುಕೊಂಡವು. ಆದರೆ ಕಂಪನ ಮೇಲೇರಿದಷ್ಟೂ ಬಲಿಯಿತು. ಗೋಪುರದ ತುದಿಯ ಸಣಕಲು ಶಿಖರಗಳು ಕೋಲಿನಂತೆ ಬೀಸಾಡಿದವು. ಗಾರೆಯ ಹಿಡಿತ ಬಿಟ್ಟು ಕಲ್ಲುಗಳು ಇದ್ದಲ್ಲೇ ತಿರುಚಿಕೊಂಡವು, ಅಂಚು ಒಡೆದವು, ಕೆಲವು ಉರುಳಿದವು. ಪೂರ್ವ ತುದಿಯಲ್ಲಿ ಗೋಡೆಗೆ ಹೊರಗಿನಿಂದ ಆನಿಕೆ ಕೊಡುವ ಕಮಾನುಗಳೂ ಬಿರುಕುಬಿಟ್ಟವು. ಭೂಕಂಪದ ಹಾನಿಗೆ ವಿಮೆ ಇರಲಿಲ್ಲ. ದುರಸ್ತಿಯ ಅಂದಾಜು 3 ಕೋಟಿ ಡಾಲರ್ ದಾಟಿದೆ.

ದುಡ್ಡು ಹೋಗುವುದೆಲ್ಲಿ? ಮೊದಲು ಅಟ್ಟಣಿಗೆ. ಅಷ್ಟೆತ್ತರಕ್ಕೆ ಅಟ್ಟಣಿಗೆ ಕಟ್ಟುವುದೇ ಒಂದು ದೊಡ್ಡ ಬಾಬ್ತು. ಬೇಡದ ಖರ್ಚೆಂದು ಕಾಣಬಹುದು, ಅದಿಲ್ಲದೆ ಒಂದು ಕಲ್ಲೂ ಮುಟ್ಟುವಂತಿಲ್ಲ. ಆಮೇಲೆ ಜಾರಿದ ಕಲ್ಲುಗಳಿಗೆ ಸಂಖ್ಯೆ ಬರೆದು ಒಂದೊಂದಾಗಿ ಇಳಿಸಬೇಕು. ಚೂರಾದದ್ದರ ಬದಲಿಗೆ ಹೊಸ ಸುಣ್ಣಕಲ್ಲು. ಶಿಖರದ ಅಂಚಿನುದ್ದಕ್ಕೂ ಚಿಗುರೆಲೆಯಂತೆ ಹೊರಚಾಚಿದ ಕೆತ್ತನೆಗಳಿವೆ. ಉಳಿದಿರುವ ಜೋಡಿಯನ್ನು ನೋಡಿ, ಅಳತೆ ತೆಗೆದು, ಶಿಲ್ಪಿ ಉಳಿಯಲ್ಲಿ ಅವನ್ನು ಕೆತ್ತುತ್ತಾನೆ. ಮರುಜೋಡಣೆಯಲ್ಲಿ ಕಲ್ಲಿಗೆ ರಂಧ್ರ ಕೊರೆದು ಸ್ಟೇನ್‌ಲೆಸ್ ಸ್ಟೀಲ್ ಸರಳು ಇಳಿಸುತ್ತಾರೆ. ಮಾಮೂಲಿ ಕಬ್ಬಿಣ ಹಾಕಿದರೆ ತುಕ್ಕು ಹಿಡಿದು ಉಬ್ಬಿ ಕಲ್ಲನ್ನೇ ಸೀಳುತ್ತದೆ. ಇಲ್ಲಿ ಅಗ್ಗದ ದಾರಿ ಹಿಡಿಯುವಂತಿಲ್ಲ.

ಒಳಗಿನ ಚಾವಣಿ ಮೊದಲೇ ದುರಸ್ತಿಯಾಗಿದೆ. ಹೊರಗಿನ ಕೆಲಸ ಹಣ ಕೂಡಿದಂತೆ ಹಂತಹಂತವಾಗಿ ಸಾಗುತ್ತಿದೆ.

ವಾಷಿಂಗ್ಟನ್, ಮೇರಿಲ್ಯಾಂಡ್, ವರ್ಜೀನಿಯಾದ ಕನ್ನಡಿಗರಲ್ಲಿ ಇಲ್ಲಿನ ಚಂದ್ರಶಿಲೆಯ ಚೂರಿರುವ ಬಣ್ಣದ ಗಾಜಿನ ಕಿಟಕಿಯನ್ನು ಮಕ್ಕಳಿಗೆ ತೋರಿಸಿದವರು ಇರಬಹುದು. ಕೆಥೆಡ್ರಲ್‌ನ ಅಧಿಕೃತ ಜಾಲತಾಣದ ಮೂಲಕ ದೇಣಿಗೆ ಕೊಡಿ. ಚೆಕ್ ಬರೆಯುವವರು ಉದ್ದೇಶದ ಸಾಲಿನಲ್ಲಿ ‘ಭೂಕಂಪ ದುರಸ್ತಿ’ ಎಂದು ಇಂಗ್ಲಿಷಿನಲ್ಲಿ ನಮೂದಿಸಿ. ಇಲ್ಲವಾದರೆ ಹಣ ಸಾಮಾನ್ಯ ನಿಧಿಗೆ ಸೇರಬಹುದು. ರಸೀದಿ ಇಟ್ಟುಕೊಳ್ಳಿ, ತೆರಿಗೆ ಲೆಕ್ಕಕ್ಕೆ ಬೇಕಾಗುತ್ತದೆ. ನೌಕರರ ದಾನಕ್ಕೆ ಸಮನಾದ ಮೊತ್ತ ಸೇರಿಸುವ ಕಂಪನಿಯಲ್ಲಿದ್ದರೆ ಆ ಅರ್ಜಿಯನ್ನೂ ಮರೆಯದೆ ಹಾಕಿ.