ಕೆಲಸಕ್ಕೆ ಬಾರದ ಎರಡು ವೈರ್: ಹಣ ವಾಪಸು ಕೋರಿ ದೂರು

ದಿನಾಂಕ: 20-11-2024
ಸಂತೆಕಟ್ಟೆ, ಉಡುಪಿ

ಇವರಿಗೆ,
ವ್ಯವಸ್ಥಾಪಕರು,
ಎಲೆಕ್ಟ್ರಾನಿಕ್ಸ್ ಮಳಿಗೆ, ಉಡುಪಿ

ವಿಷಯ: ಕಂಪ್ಯೂಟರನ್ನು ಟಿವಿಗೆ ಜೋಡಿಸಲು ನೀವು ಕೊಟ್ಟ ಎರಡು ವೈರ್ ಮತ್ತು ಸರ್ವಿಸ್ ಭೇಟಿಗೆ ಕೊಟ್ಟ ಒಟ್ಟು 2300 ರೂಪಾಯಿ ವಾಪಸು ಮಾಡುವ ಬಗ್ಗೆ

ಮಾನ್ಯರೇ,

ನವೆಂಬರ್ 11, ಸೋಮವಾರ ಮಧ್ಯಾಹ್ನ ನಿಮ್ಮ ಅಂಗಡಿಗೆ ಬಂದಿದ್ದೆ. ನಮ್ಮ ಮನೆಯ ಹಳೇ ಕಂಪ್ಯೂಟರನ್ನು ಟಿವಿಗೆ ಜೋಡಿಸಬೇಕಿತ್ತು. ಇಂಥದ್ದರಲ್ಲಿ ನನಗೆ ಜಾಸ್ತಿ ತಿಳಿಯುವುದಿಲ್ಲ. ಅದಕ್ಕೇ ಸಿಪಿಯು ಹಿಂಬದಿಯದ್ದೂ ಟಿವಿ ಹಿಂಬದಿಯದ್ದೂ ಫೋಟೋ ತೆಗೆದುಕೊಂಡು ಬಂದಿದ್ದೆ. ಕೌಂಟರಿನಲ್ಲಿದ್ದವರು ಸಿಪಿಯುವಿನ ನೀಲಿ ಪಿನ್ ನೋಡಿ, "ಇದು ವಿಜಿಎ ಅಕ್ಕ, ಟಿವಿಯದ್ದು ಎಚ್‌ಡಿಎಂಐ. ಇದಕ್ಕೆ ರೆಡಿ ವೈರ್ ಉಂಟು, ಸಿಕ್ಕಿಸಿದರೆ ಆಯ್ತು" ಎಂದರು. ಒಂದು ತುದಿ ನೀಲಿ ವಿಜಿಎ, ಇನ್ನೊಂದು ತುದಿ ಎಚ್‌ಡಿಎಂಐ ಇದ್ದ ವೈರ್ ಕೊಟ್ಟರು. 450 ರೂಪಾಯಿ. ಎರಡು ಫೋಟೋವನ್ನೂ ನೋಡಿಯೇ ಅವರು ಅದನ್ನು ಕೊಟ್ಟದ್ದು. ಇದನ್ನು ದಯವಿಟ್ಟು ಗಮನಿಸಿ.

ನನಗೆ ಇದು ಯಾಕೆ ಬೇಕಿತ್ತು ಎಂದು ಅವತ್ತೇ ಹೇಳಿದ್ದೆ. ನನ್ನ ಅಣ್ಣ ಮಸ್ಕತ್‌ನಲ್ಲಿ ಇದ್ದಾನೆ. ಅವನ ಮಗಳ ಮದುವೆ ನವೆಂಬರ್ 15, ಶುಕ್ರವಾರ, ಅಲ್ಲೇ. ಅಮ್ಮನಿಗೆ 82 ವರ್ಷ. ಮಂಡಿ ನೋವು, ವಿಮಾನ ಹತ್ತುವ ಸ್ಥಿತಿಯಲ್ಲಿ ಇಲ್ಲ. ಒಂದು ಕಣ್ಣಿನ ಪೊರೆ ತೆಗೆದಾಗಿದೆ, ಇನ್ನೊಂದು ಬಾಕಿ ಇದೆ. ಮೊಮ್ಮಗಳ ಮದುವೆಯನ್ನು ದೊಡ್ಡ ಪರದೆಯಲ್ಲಿ ನೋಡಲಿ ಎಂದು ಅಣ್ಣ ಅಲ್ಲಿಂದ ಲೈವ್ ಕಳಿಸುವ ವ್ಯವಸ್ಥೆ ಮಾಡಿದ್ದ. ನಮ್ಮದು 32 ಇಂಚಿನ ಫುಲ್ ಎಚ್‌ಡಿ ಟಿವಿ. ಚಿತ್ರ ಚೆನ್ನಾಗಿ ಬರುತ್ತದೆ, ಆದರೆ ಹಳೆಯದು, ಇಂಟರ್ನೆಟ್ ಇಲ್ಲ. ಹಾಗಾಗಿ ಕಂಪ್ಯೂಟರಿನಿಂದಲೇ ತೋರಿಸಬೇಕಿತ್ತು.

ಸೋಮವಾರ ಸಂಜೆಯೇ ಸಿಕ್ಕಿಸಿ ನೋಡಿದೆವು. ಟಿವಿಯಲ್ಲಿ "ನೋ ಸಿಗ್ನಲ್" ಎಂದಷ್ಟೇ ಬಂತು. ಮರುದಿನ ಮತ್ತೆ ಬಸ್ಸು ಹತ್ತಿ ನಿಮ್ಮಲ್ಲಿಗೆ ಬಂದೆ. ಪ್ಯಾಕೆಟ್ ಒಡೆದಿದೆ, ವಾಪಸು ತೆಗೆದುಕೊಳ್ಳುವುದಿಲ್ಲ ಎಂದರು. "ಅದು ಲೋಕಲ್ ವೈರ್, ಇದು ಚಿನ್ನದ ಲೇಪನದ್ದು, ಇದರಲ್ಲಿ ಬಂದೇ ಬರ್ತದೆ" ಎಂದು 1450 ರೂಪಾಯಿಯ ಇನ್ನೊಂದು ವೈರ್ ಕೊಟ್ಟರು. ಮದುವೆಗೆ ಮೂರೇ ದಿನ ಇತ್ತು. ತೆಗೆದುಕೊಂಡೆ. ಅದರಲ್ಲೂ "ನೋ ಸಿಗ್ನಲ್".

ನಿಮ್ಮ ಸರ್ವಿಸ್ ಹುಡುಗ ಬುಧವಾರ ಬರುತ್ತೇನೆಂದು ಗುರುವಾರ ರಾತ್ರಿ ಏಳೂವರೆಗೆ ಬಂದ. ಟಿವಿ ಹಿಂದಿನಿಂದ ಸೆಟ್‌ಟಾಪ್ ಬಾಕ್ಸ್‌ನ ವೈರ್ ಎಳೆದು, ಅದೇ ಜಾಗಕ್ಕೆ ನಿಮ್ಮ ವೈರ್ ಹಾಕಿ, ಎರಡು ಸಲ ಆನ್-ಆಫ್ ಮಾಡಿದ. ಟಿವಿಯ ಎಚ್‌ಡಿಎಂಐ ಪೋರ್ಟ್ ಸುಟ್ಟಿದೆ, ಹೊಸ ಟಿವಿಯೇ ಆಗಬೇಕು, ಕಂತಿನಲ್ಲಿ ಸಿಗುತ್ತದೆ ಎಂದ. 400 ರೂಪಾಯಿ ಭೇಟಿ ಶುಲ್ಕ ತೆಗೆದುಕೊಂಡು ಹೋದ. ಅವನು ಹೋದ ಮೇಲೆ ಸೆಟ್‌ಟಾಪ್ ಬಾಕ್ಸ್‌ನ ವೈರನ್ನು ಅದೇ ಪೋರ್ಟಿಗೆ ನಾನೇ ವಾಪಸು ಹಾಕಿದೆ. ಚಾನೆಲ್‌ಗಳು ಎಂದಿನಂತೆ ಬಂದವು. ಸುಟ್ಟ ಪೋರ್ಟಿನಲ್ಲಿ ವಾರ್ತೆ ಬರುತ್ತದೆಯೇ ಮಾರಾಯ್ರೆ?

ಶುಕ್ರವಾರದ ವಿಷಯ ಬರೆಯುವಾಗ ಈಗಲೂ ಬೇಜಾರಾಗುತ್ತದೆ. ಮುಹೂರ್ತ ಮಸ್ಕತ್ ಸಮಯ 10.15ಕ್ಕೆ, ನಮಗೆ 11.45. ಬ್ರಹ್ಮಾವರದಿಂದ ಚಿಕ್ಕಮ್ಮ, ಕಾಪುವಿನಿಂದ ಮಾವ, ಅಕ್ಕಪಕ್ಕದ ಮನೆಯವರು, ಒಟ್ಟು ಹದಿನೈದು ಜನ ಸೇರಿದ್ದರು. ಕಡ್ಲೆಬೇಳೆ ಪಾಯಸ ಮಾಡಿದ್ದೆವು. ಅಮ್ಮ ಬೆಳಿಗ್ಗೆಯೇ ಮಿಂದು, ಪಟ್ಟೆ ಸೀರೆ ಉಟ್ಟು ಟಿವಿ ಎದುರು ಕೂತಿದ್ದರು. ಕೊನೆಗೆ ಹಳೇ 17 ಇಂಚಿನ ಮಾನಿಟರನ್ನೇ ಹಾಲ್‌ಗೆ ಹೊತ್ತು ತಂದು ಮೇಜಿನ ಮೇಲೆ ಇಟ್ಟೆವು. ಹದಿನೈದು ಜನ ಅದರ ಸುತ್ತ ಬಗ್ಗಿ ನಿಂತರು. ಅಮ್ಮನ ಕುರ್ಚಿಯನ್ನು ಪರದೆಗೆ ಒಂದು ಮೊಳ ದೂರಕ್ಕೆ ಎಳೆದರೂ ಅವರಿಗೆ ಮಸುಕು ಮಸುಕು. ಧಾರೆ ಆಯಿತು, ತಾಳಿ ಕಟ್ಟಿ ಆಯಿತು, ಎಲ್ಲರೂ ಅಕ್ಷತೆ ಹಾಕಿದರು. ಆಮೇಲೆ ಅಮ್ಮ ನನ್ನ ಕೈ ಹಿಡಿದು, "ಕಟ್ಟಿ ಆಯ್ತಾ?" ಎಂದು ಕೇಳಿದರು.

ಭಾನುವಾರ ಮಣಿಪಾಲದಲ್ಲಿ ಓದುತ್ತಿರುವ ಅಕ್ಕನ ಮಗ ಬಂದ. ನಿಮ್ಮ ಎರಡೂ ವೈರ್ ಕೈಯಲ್ಲಿ ಹಿಡಿದು ನೋಡಿ, ಇದರಿಂದ ಯಾವತ್ತೂ ಆಗುವುದಿಲ್ಲ ಎಂದ. ಅವನು ಹೇಳಿದ್ದು ಇಷ್ಟು. ವಿಜಿಎ 1987ರ ಕಾಲದ್ದು. ಅದರಲ್ಲಿ ಚಿತ್ರ ಹೋಗುವುದು ಏರಿಳಿಯುವ ವೋಲ್ಟೇಜ್ ರೂಪದಲ್ಲಿ. ಎಚ್‌ಡಿಎಂಐನಲ್ಲಿ ಹೋಗುವುದು ಸೊನ್ನೆ ಮತ್ತು ಒಂದುಗಳ ರೂಪದಲ್ಲಿ. ಬರೀ ತುಳು ಗೊತ್ತಿರುವವರಿಗೂ ಬರೀ ಅರಬ್ಬಿ ಗೊತ್ತಿರುವವರಿಗೂ ಒಂದೇ ಬೆಂಚು ಹಾಕಿಕೊಟ್ಟರೆ ಮಾತುಕತೆ ಆಗುವುದಿಲ್ಲ, ನಡುವೆ ಎರಡೂ ಭಾಷೆ ಬಲ್ಲವರು ಬೇಕು. ಇಲ್ಲಿ ಆ ಕೆಲಸ ಮಾಡುವುದು ಕನ್ವರ್ಟರ್ ಎಂಬ ಪುಟ್ಟ ಪೆಟ್ಟಿಗೆ. ಅದರೊಳಗೆ ಚಿಪ್ ಇರುತ್ತದೆ, ಅದಕ್ಕೆ ಯುಎಸ್‌ಬಿಯಿಂದ ಕರೆಂಟ್ ಕೊಡಬೇಕು. ವಿಜಿಎಯಲ್ಲಿ ಶಬ್ದ ಹೋಗುವುದೇ ಇಲ್ಲ. ಹಾಗಾಗಿ ಸಿಪಿಯುವಿನ ಹಸಿರು ಆಡಿಯೋ ಪಿನ್ನಿನಿಂದ ಪೆಟ್ಟಿಗೆಗೆ ಇನ್ನೊಂದು ಸಣ್ಣ ವೈರ್ ಬೇಕು. ನಿಮ್ಮ ಎರಡೂ ವೈರ್‌ಗಳಲ್ಲಿ ಯುಎಸ್‌ಬಿ ಬಾಲವೂ ಇಲ್ಲ, ಆಡಿಯೋ ಪಿನ್ನೂ ಇಲ್ಲ.

ನೋಡಲು ಹೀಗೇ ಇರುವ ಕೆಲವು ವೈರ್‌ಗಳ ಎಚ್‌ಡಿಎಂಐ ತುದಿಯೊಳಗೆ ಚಿಪ್ ಇರುತ್ತದಂತೆ. ಆದರೆ ಅವು ಹೊಸ ಲ್ಯಾಪ್‌ಟಾಪಿನಿಂದ ಹಳೇ ಮಾನಿಟರಿಗೆ ಚಿತ್ರ ಕಳಿಸುವಂಥವು. ನಮಗೆ ಬೇಕಿದ್ದದ್ದು ಉಲ್ಟಾ ದಿಕ್ಕು. ಚಿತ್ರ ಯಾವುದರಿಂದ ಯಾವುದಕ್ಕೆ ಹೋಗಬೇಕು ಅನ್ನುವುದೇ ಇಲ್ಲಿ ಮುಖ್ಯ. ಮಾರುವವರಿಗೆ ಇಷ್ಟು ಗೊತ್ತಿರಬೇಕಿತ್ತು, ಅಲ್ವಾ? ಇನ್ನು ಚಿನ್ನದ ಲೇಪನದಿಂದ ಪಿನ್ ತುಕ್ಕು ಹಿಡಿಯದೆ ಇರಬಹುದು. ನಮ್ಮ ಕಡಲ ಗಾಳಿಗೆ ಅದು ಒಳ್ಳೆಯದೇ. ಆದರೆ ಚಿಪ್ ಇಲ್ಲದ ವೈರಿಗೆ ಎಷ್ಟು ಚಿನ್ನ ಬಳಿದರೂ ಚಿತ್ರ ಬರುವುದಿಲ್ಲ.

ಅದೇ ದಿನ ಅವನು ಬೇರೆ ಅಂಗಡಿಯಿಂದ 650 ರೂಪಾಯಿಗೆ ಕನ್ವರ್ಟರ್ ತಂದ. ಹತ್ತು ನಿಮಿಷದಲ್ಲಿ ಟಿವಿಯಲ್ಲಿ ಚಿತ್ರವೂ ಬಂತು, ಶಬ್ದವೂ ಬಂತು. ಮೊದಲು ಚಿತ್ರ ಅಡ್ಡಕ್ಕೆ ಎಳೆದಂತೆ ಇತ್ತು, ಕಂಪ್ಯೂಟರಿನಲ್ಲಿ ಅಳತೆಯನ್ನು 1920×1080 ಮಾಡಿದ ಮೇಲೆ ಸರಿಯಾಯಿತು. ಆದರೆ ನಾಲ್ಕೂ ಅಂಚು ಸ್ವಲ್ಪ ಸ್ವಲ್ಪ ಕತ್ತರಿಸಿ ಹೋಗುತ್ತಿತ್ತು, ಕೆಳಗಿನ ಪಟ್ಟಿ ಕಾಣುತ್ತಿರಲಿಲ್ಲ. ನಿಮ್ಮ ಸರ್ವಿಸ್ ನಂಬರಿಗೆ ಫೋನ್ ಮಾಡಿ ಕೇಳಿದರೆ, "ಪ್ಯಾನೆಲ್ ಹೋಗಿದೆ ಮೇಡಂ, ಟಿವಿ ಬದಲಾಯಿಸಿ" ಎಂಬ ಉತ್ತರ. ಪ್ಯಾನೆಲ್‌ಗೆ ಏನೂ ಆಗಿರಲಿಲ್ಲ. ಹಳೇ ಡಬ್ಬ ಟಿವಿಗಳ ಕಾಲದಲ್ಲಿ ಅಂಚಿನ ಓರೆಕೋರೆ ಕಾಣಬಾರದೆಂದು ಚಿತ್ರವನ್ನು ಸ್ವಲ್ಪ ಹಿಗ್ಗಿಸಿ ತೋರಿಸುತ್ತಿದ್ದರು. ಆ ಅಭ್ಯಾಸ ಎಷ್ಟೋ ಚಪ್ಪಟೆ ಟಿವಿಗಳಲ್ಲೂ ಉಳಿದಿದೆ. ರಿಮೋಟಿನಲ್ಲಿ ಚಿತ್ರದ ಅಳತೆಯ ಮೆನುವಿಗೆ ಹೋಗಿ "ಜಸ್ಟ್ ಸ್ಕ್ಯಾನ್" ಒತ್ತಿದೆವು. ಪೂರ್ತಿ ಪರದೆ ಕಂಡಿತು. ಕೆಲವು ಕಂಪನಿಯವರು ಇದನ್ನೇ "ಸ್ಕ್ರೀನ್ ಫಿಟ್" ಅನ್ನುತ್ತಾರಂತೆ.

ಒಂದೇ ವಾರದಲ್ಲಿ ನಿಮ್ಮವರು ಎರಡು ಸಲ ನಮಗೆ ಹೊಸ ಟಿವಿ ತೆಗೆದುಕೊಳ್ಳಿ ಎಂದರು. ಎರಡು ಸಲವೂ ಟಿವಿ ಸರಿಯಾಗಿಯೇ ಇತ್ತು. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ರಾತ್ರಿ ಹೊತ್ತು ಬೈಕಿನಲ್ಲಿ ಬಂದವನು, ಮರ್ಯಾದೆಯಿಂದಲೇ ಮಾತಾಡಿದ. ಅವನಿಗೆ ಸರಿಯಾಗಿ ಹೇಳಿಕೊಡದೆ ಮನೆ ಮನೆಗೆ ಕಳಿಸುವುದು ತಪ್ಪು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದಿದ್ದರೂ ಸಾಕಿತ್ತು, ಬೇರೆಯವರನ್ನು ಕೇಳಲು ನಮಗೆ ಇನ್ನೂ ಸಮಯ ಇತ್ತು.

ಸೋಮವಾರ ಮೂರನೇ ಸಲ ಬಂದು ಹಣ ಕೇಳಿದಾಗ ಬಿಲ್ಲಿನ ಮೇಲಿನ ಮುದ್ರೆ ತೋರಿಸಿದರು: "ಮಾರಿದ ಮಾಲನ್ನು ಹಿಂದಕ್ಕೆ ಪಡೆಯುವುದಿಲ್ಲ." ಆ ಮುದ್ರೆ ಹಾಕಿದ ಮಾತ್ರಕ್ಕೆ ಜವಾಬ್ದಾರಿ ಮುಗಿಯುವುದಿಲ್ಲ. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ ಹಿಂದಕ್ಕೆ ಪಡೆದು ಹಣ ಕೊಡಲು ಒಪ್ಪದಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅದನ್ನು ಅನುಚಿತ ವ್ಯಾಪಾರ ಎನ್ನುತ್ತದೆ. ಅವಧಿ ಹೇಳದಿದ್ದರೆ 30 ದಿನ. ನಿಮ್ಮ ಬಿಲ್ಲಿನಲ್ಲಿ ಅವಧಿ ಇಲ್ಲ. ನಾನು ಕೊಂಡು ಇವತ್ತಿಗೆ ಒಂಬತ್ತು ದಿನ.

ಆದ್ದರಿಂದ ವೈರ್‌ಗಳ 450 ಮತ್ತು 1450, ಭೇಟಿ ಶುಲ್ಕ 400, ಒಟ್ಟು 2300 ರೂಪಾಯಿಯನ್ನು ಡಿಸೆಂಬರ್ 5ರ ಒಳಗೆ ವಾಪಸು ಕೊಡಬೇಕೆಂದು ಕೇಳುತ್ತಿದ್ದೇನೆ. ಕನ್ವರ್ಟರಿನ ಹಣ ನಾನು ಕೇಳುವುದಿಲ್ಲ, ಅದು ನಮಗೆ ಹೇಗೂ ಬೇಕಿತ್ತು. ಕೊಡದಿದ್ದರೆ 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸುತ್ತೇನೆ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಇದನ್ನು ಸುಮ್ನೆ ಹೆದರಿಸಲು ಬರೆದದ್ದಲ್ಲ.

ಹಣಕ್ಕಿಂತ ಹೆಚ್ಚಾಗಿ ಇನ್ನೊಂದು ಕೇಳಿಕೆ ಇದೆ. ಅದೇ ವೈರ್‌ಗಳು ಸೋಮವಾರವೂ ನಿಮ್ಮ ಕೌಂಟರಿನ ಹಿಂದೆ ನೇತಾಡುತ್ತಿದ್ದವು. ಅವುಗಳ ಕೆಳಗೆ "ಕಂಪ್ಯೂಟರಿನಿಂದ ಟಿವಿಗೆ" ಎಂಬ ಚೀಟಿಯೂ ಇತ್ತು. ದಯವಿಟ್ಟು ಆ ಚೀಟಿ ತೆಗೆಸಿ. ನಮ್ಮೂರಲ್ಲಿ ಮಕ್ಕಳು ಮೊಮ್ಮಕ್ಕಳು ಹೊರದೇಶದಲ್ಲಿ ಇರುವ ಮನೆಗಳೇ ಜಾಸ್ತಿ. ನಾಳೆ ಇನ್ನೊಬ್ಬರು ಇದೇ ಕೆಲಸಕ್ಕೆ ನಿಮ್ಮಲ್ಲಿಗೆ ಬರುತ್ತಾರೆ.

ಎರಡು ಬಿಲ್ಲು, ಸರ್ವಿಸ್ ರಸೀದಿ, ನಾನು ಅವತ್ತು ತೋರಿಸಿದ ಎರಡು ಫೋಟೋ, ಇಷ್ಟರ ಪ್ರತಿ ಈ ಪತ್ರದ ಜೊತೆ ಇಟ್ಟಿದ್ದೇನೆ. ವೈರ್‌ಗಳು ಪ್ಯಾಕೆಟ್ ಸಮೇತ ನನ್ನಲ್ಲೇ ಇವೆ, ಹಣ ಕೊಡುವ ದಿನ ತಂದು ಒಪ್ಪಿಸುತ್ತೇನೆ.

ಇಂತಿ,
ನಿಮ್ಮ ಗ್ರಾಹಕಿ
(ಹೆಸರು ಮತ್ತು ಫೋನ್ ನಂಬರ್ ಬಿಲ್ಲಿನಲ್ಲಿ ಇದೆ)